ಒಂದು ದಿನ ಸರಿ, ಮರುದಿನ ಚಿತ್ರಲಿಪಿ: ಬೋಟಿನ ಜಿಪಿಎಸ್‌ಗೆ 4800, ಎಐಎಸ್‌ಗೆ 38400 ಕೊಟ್ಟರೂ ಲಿನಕ್ಸ್ ಏಕೆ ಮುನಿಯುತ್ತದೆ?

ಅಳಿಯಕಟ್ಟು
ಜೂನ್ 12, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನನ್ನ ಸೋದರಮಾವನ ಆಳಸಮುದ್ರದ ಬೋಟು ಇದೆ. ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಬೋಟನ್ನು ಬಂದರಿನಲ್ಲಿ ಕಟ್ಟಿಹಾಕಿದ್ದಾರೆ. ಒಂದು ಕಡೆ ಬಲೆ ಹೆಣೆಯುವವರು, ಇನ್ನೊಂದು ಕಡೆ ಎಂಜಿನ್ ಬಿಚ್ಚಿ ಹರಡಿಕೊಂಡವರು, ನಡುವೆ ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿರುವ ನಾನು.

ಹಳೆಯ ಲ್ಯಾಪ್‌ಟಾಪ್ ಉಪ್ಪುಗಾಳಿ ಕುಡಿದು ಕಳೆದ ಹಂಗಾಮಿನಲ್ಲಿ ಸತ್ತಿತು. ಅದರಲ್ಲಿ ವಿಂಡೋಸ್ ಇತ್ತು. ಜಿಪಿಎಸ್ ಕಾಮ್ 3 ಎಂಬ ಪೋರ್ಟಿನಲ್ಲಿ, ಎಐಎಸ್ ರಿಸೀವರ್ (ಸುತ್ತಲಿನ ಹಡಗುಗಳು ರೇಡಿಯೋದಲ್ಲಿ ಹೇಳುವ ತಮ್ಮ ಸ್ಥಾನವನ್ನು ಹಿಡಿಯುವ ಯಂತ್ರ) ಕಾಮ್ 4ರಲ್ಲಿ. ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಿತು. ಈಗ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದು ಉಬುಂಟು ಲಿನಕ್ಸ್ ಹಾಕಿ, ಓಪನ್‌ಸಿಪಿಎನ್ ಎಂಬ ಸಮುದ್ರನಕ್ಷೆಯ ತಂತ್ರಾಂಶ ಸ್ಥಾಪಿಸಿದ್ದೇನೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಎರಡು ಕೇಬಲ್‌ಗಳು ಹಳೆಯವೇ, ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡವು. ಯಂತ್ರ ಶುರುವಾಗುವಾಗಲೇ ಪೋರ್ಟಿನ ವೇಗ ಕೂರಿಸುವ ಎಸ್‌ಟಿಟಿವೈ ಆದೇಶ ಓಡಿ ಟಿಟಿವೈಯುಎಸ್‌ಬಿ0ಗೆ (ಲಿನಕ್ಸ್ ಜಿಪಿಎಸ್ ಕೇಬಲ್ಲಿಗೆ ಕೊಟ್ಟ ಹೆಸರು) ಸೆಕೆಂಡಿಗೆ 4800 ಬಿಟ್, ಟಿಟಿವೈಯುಎಸ್‌ಬಿ1ಕ್ಕೆ (ಎಐಎಸ್‌ನದು) 38400 ಎಂದು ನಿಗದಿಯಾಗುವಂತೆ ಮಾಡಿದ್ದೇನೆ. ಓಪನ್‌ಸಿಪಿಎನ್‌ನಲ್ಲಿಯೂ ಅದನ್ನೇ ಬರೆದಿದ್ದೇನೆ.

ಸೋಮವಾರ ಎಲ್ಲ ಸರಿಯಿತ್ತು. ಮಂಗಳವಾರ ಎರಡೂ ಪೋರ್ಟ್‌ಗಳನ್ನು ತೋರಿಸುವ ಕಿಟಕಿಗಳಲ್ಲಿ ಕಸ. ಬುಧವಾರ ಮತ್ತೆ ಸರಿ. ಇವತ್ತು ಮತ್ತೆ ಕಸ. ಮಾವ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ‘ಹಳೆಯದರಲ್ಲಿ ಸರಿಯಿತ್ತಲ್ಲ, ನೀನು ಏನು ಮಾಡಿದೆ?’ ಲಿನಕ್ಸ್‌ನಲ್ಲಿ ವೇಗವನ್ನು ಕಾಯಂ ಆಗಿ ಕೂರಿಸುವುದು ಎಲ್ಲಿ?

ಕಿಟಕಿಪ್ರಿಯ
ಜೂನ್ 12, ರಾತ್ರಿ 10.05

ವಿಂಡೋಸ್‌ಗೆ ಮರಳಿ. ಡಿವೈಸ್ ಮ್ಯಾನೇಜರ್ ತೆರೆಯಿರಿ, ಪೋರ್ಟ್‌ಗಳ ಪಟ್ಟಿಯಲ್ಲಿ ನಿಮ್ಮದನ್ನು ಆರಿಸಿ, 9600 ಇರುವಲ್ಲಿ 4800 ಮಾಡಿ, ಸರಿ ಒತ್ತಿ. ಎರಡು ನಿಮಿಷದ ಕೆಲಸ.

ಸೊನ್ನೆಒಂದು
ಜೂನ್ 12, ರಾತ್ರಿ 10.11

ಕಿಟಕಿಪ್ರಿಯರೇ, ಆ ಪೆಟ್ಟಿಗೆಯಲ್ಲಿ ನೀವು ಏನು ಬರೆದರೂ ಹೆಚ್ಚುಕಡಿಮೆ ಅಲಂಕಾರಕ್ಕೆ. ಅದು ಆರಂಭದ ಬೆಲೆ ಮಾತ್ರ. ನಕ್ಷೆಯ ತಂತ್ರಾಂಶ ಪೋರ್ಟನ್ನು ತೆರೆದ ಕ್ಷಣವೇ ತನಗೆ ಬೇಕಾದ ವೇಗವನ್ನು ತಾನೇ ಹೇರುತ್ತದೆ. ಬೇಕಾದರೆ ಅಲ್ಲಿ 115200 ಬರೆದು, ತಂತ್ರಾಂಶದಲ್ಲಿ 4800 ಇಟ್ಟು ನೋಡಿ. ಜಿಪಿಎಸ್ ಏನೂ ಆಗದಂತೆ ಓಡುತ್ತದೆ.

ಕಿಟಕಿಪ್ರಿಯ
ಜೂನ್ 12, ರಾತ್ರಿ 10.14

ಹತ್ತು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ, ಕೆಲಸ ಮಾಡುತ್ತಲೇ ಇದೆ.

ಸೊನ್ನೆಒಂದು
ಜೂನ್ 12, ರಾತ್ರಿ 10.15

ನಾನೂ ಹತ್ತು ವರ್ಷದಿಂದ ಲಿಫ್ಟಿನ ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದೇನೆ. ಲಿಫ್ಟ್ ಬರುತ್ತಲೇ ಇದೆ.

ಪಾಳಿಬದಲು
ಜೂನ್ 12, ರಾತ್ರಿ 11.20

ನಾನು ಸರಕುಹಡಗಿನಲ್ಲಿ ಎಲೆಕ್ಟ್ರೋ ಟೆಕ್ನಿಕಲ್ ಅಧಿಕಾರಿ, ಈಗ ರಜೆಯ ಮೇಲೆ ಮನೆಯಲ್ಲಿದ್ದೇನೆ. ವಿಂಡೋಸ್ ಲಿನಕ್ಸ್ ಜಗಳವನ್ನು ಬದಿಗಿಟ್ಟು, ಮೊದಲು ತಂತಿಯಲ್ಲಿ ಏನು ಹರಿಯುತ್ತಿದೆ ನೋಡೋಣ.

ಬೋಟಿನ ಉಪಕರಣಗಳು ತಂತಿಯಲ್ಲಿ ಮಾತಾಡುವ ಭಾಷೆ ಎನ್‌ಎಂಇಎ 0183, ಬಂದದ್ದು 1983ರಲ್ಲಿ. ಅದಕ್ಕೂ ಹಿಂದಿನ 0180, 0182 ಎಂಬ ಅಣ್ಣಂದಿರು 1200ರ ವೇಗದಲ್ಲಿ ಮಾತಾಡುತ್ತಿದ್ದರು. ಇದು 4800ಕ್ಕೆ ಏರಿತು. ಎಂಟು ದತ್ತ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಇಲ್ಲ, ಅಕ್ಷರ ಮುಗಿಯಿತು ಎನ್ನುವ ಒಂದು ಸ್ಟಾಪ್ ಬಿಟ್. ಸ್ಟಾರ್ಟ್ ಬಿಟ್ಟನ್ನೂ ಸೇರಿಸಿದರೆ ಒಂದು ಅಕ್ಷರಕ್ಕೆ 10 ಬಿಟ್. ಹಾಗಾಗಿ 4800ರ ತಂತಿಯಲ್ಲಿ ಸೆಕೆಂಡಿಗೆ 480 ಅಕ್ಷರ ಹೋಗುತ್ತವೆ, ಒಂದೂ ಹೆಚ್ಚಿಲ್ಲ. ಒಂದು ವಾಕ್ಯದ ಮಿತಿ 82 ಅಕ್ಷರ. ಪೂರ್ತಿ ಉದ್ದದ ವಾಕ್ಯಗಳಾದರೆ ಸೆಕೆಂಡಿಗೆ ಆರು ಕೂಡ ಹಿಡಿಸುವುದಿಲ್ಲ. ಜಿಪಿಎಸ್ ಸೆಕೆಂಡಿಗೊಮ್ಮೆ ಸ್ಥಾನ, ವೇಗ, ಉಪಗ್ರಹಗಳ ಪಟ್ಟಿ ಹೇಳಿ ಮುಗಿಸುವುದಕ್ಕೆ ಅಷ್ಟು ಸಾಕು.

ಎಐಎಸ್‌ಗೆ ಸಾಲದು. ಅದು ಎರಡು ವಿಎಚ್‌ಎಫ್ ವಾಹಿನಿಗಳಲ್ಲಿ ಕೆಲಸ ಮಾಡುತ್ತದೆ, ಒಂದೊಂದರಲ್ಲಿ ನಿಮಿಷಕ್ಕೆ 2250 ಸ್ಲಾಟ್, ಅಂದರೆ ಒಂದು ಸ್ಥಾನವರದಿ ಹಿಡಿಸುವ ಸಮಯದ ತುಣುಕು. ಎರಡೂ ಸೇರಿದರೆ ಸೆಕೆಂಡಿಗೆ 75. ಹಡಗಿನ ಮಾಮೂಲಿ ಸ್ಥಾನವರದಿ ವಾಕ್ಯವಾಗಿ ಹೊರಬರುವಾಗ ಸುಮಾರು 49 ಅಕ್ಷರ. ಗುಣಿಸಿ: 3675. ತಂತಿಯ ವೇಗ 38400 ಆದರೆ ಸೆಕೆಂಡಿಗೆ 3840 ಅಕ್ಷರ. ಎಲ್ಲ ಸ್ಲಾಟ್ ತುಂಬಿದ ಬಂದರಿನಲ್ಲಿ ನಿಂತರೂ ಕೂದಲೆಳೆಯಲ್ಲಿ ಹಿಡಿಸುತ್ತದೆ. ಈ ಲೆಕ್ಕ ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಈಗ ನಿಮ್ಮ ಪ್ರಶ್ನೆ. ವೇಗ ಕೂರಿಸುವ ಜಾಗದ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಹೇಳಿ, ಕಸ ಎಂದಿರಲ್ಲ, ಆ ಕಸ ನೋಡಲು ಹೇಗಿದೆ? ಬಗೆಬಗೆಯ ಚಿಹ್ನೆಗಳೇ, ಅಥವಾ ಒಂದೆರಡೇ ಮತ್ತೆ ಮತ್ತೆ ಬರುತ್ತಿವೆಯೇ? ಕಸದಲ್ಲಿಯೂ ಜಾತಿಗಳಿವೆ.

ವ್ಯಾಕರಣಿ
ಜೂನ್ 12, ರಾತ್ರಿ 11.32

ಸಣ್ಣ ತಿದ್ದುಪಡಿ. ಬಾಡ್ ಎಂದರೆ ಸೆಕೆಂಡಿಗೆ ಎಷ್ಟು ಸಂಕೇತ ಎಂದು, ಬಿಟ್ ಅಲ್ಲ. ಟೆಲಿಗ್ರಾಫಿನ ಕಾಲದ ಫ್ರೆಂಚ್ ಎಂಜಿನಿಯರ್ ಎಮಿಲ್ ಬೋದೋ ಅವರ ಹೆಸರಿನಿಂದ ಬಂದ ಪದ. ಎರಡನ್ನೂ ಬೆರೆಸಬೇಡಿ.

ಪಾಳಿಬದಲು
ಜೂನ್ 12, ರಾತ್ರಿ 11.36

ಈ ತಂತಿಯಲ್ಲಿ ಇರುವುದು ಎರಡೇ ಮಟ್ಟ, ಹಾಗಾಗಿ ಎರಡೂ ಒಂದೇ ಸಂಖ್ಯೆ. ಅಲ್ಲದೆ ನಾನು ಬಾಡ್ ಎಂಬ ಪದವನ್ನೇ ಬಳಸಿಲ್ಲ, ಮೇಲೆ ಓದಿ ನೋಡಿ.

ಬಂಗುಡೆಪುಳಿಮುಂಚಿ
ಜೂನ್ 13, ಬೆಳಿಗ್ಗೆ 6.48

ಚರ್ಚೆ ಚೆನ್ನಾಗಿದೆ. ಬೆಂಗಳೂರಿನಲ್ಲಿ ಈಗ ಬಂಗುಡೆಯ ಬೆಲೆ ಕೇಳಿದರೆ ನಿಮ್ಮ 38400 ಕಡಿಮೆ ಎನಿಸುತ್ತದೆ. ಮುಂದುವರಿಸಿ.

ಅಳಿಯಕಟ್ಟು
ಜೂನ್ 13, ಬೆಳಿಗ್ಗೆ 11.10

ಪಾಳಿಬದಲು ಅವರೇ, ಈಗಷ್ಟೇ ಬೋಟಿಗೆ ಹೋಗಿ ನೋಡಿ ಬಂದೆ. ಇವತ್ತೂ ಕೆಟ್ಟ ದಿನವೇ. 38400ರಲ್ಲಿ ಓದುತ್ತಿರುವ ಕಿಟಕಿಯಲ್ಲಿ ಹೆಚ್ಚಾಗಿ ಒಂದೆರಡು ಬಗೆಯ ಚಿಹ್ನೆಗಳೇ ಸಾಲುಸಾಲು, ಅದೂ ಸೆಕೆಂಡಿಗೊಮ್ಮೆ ಗೊಂಚಲಾಗಿ. 4800ರ ಕಿಟಕಿಯಲ್ಲಿ ಅರ್ಥವಿಲ್ಲದ ಅಕ್ಷರಗಳ ಚೂರುಗಳು, ಯಾವಾಗಲೋ ಒಮ್ಮೆ. ಅಂದ ಹಾಗೆ, ಹೊರಗೆ ಧೋ ಎಂದು ಮಳೆ.

ಪಾಳಿಬದಲು
ಜೂನ್ 13, ಬೆಳಿಗ್ಗೆ 11.31

ಸಿಕ್ಕಿತು. 38400 ಎಂದರೆ 4800ರ ಎಂಟು ಪಟ್ಟು. ಜಿಪಿಎಸ್ ಕಳಿಸುವ ಒಂದು ಬಿಟ್ ನಿಮ್ಮ ವೇಗದ ಕಿಟಕಿಗೆ ಎಂಟು ಬಿಟ್‌ಗಳಷ್ಟು ಉದ್ದ ಕಾಣುತ್ತದೆ. ಸ್ಟಾರ್ಟ್ ಬಿಟ್ ಒಂದೇ ಇಡೀ ಅಕ್ಷರವನ್ನು ನುಂಗಿಬಿಡುತ್ತದೆ, ಕೊನೆಯ ಬಿಟ್ ಮಾತ್ರ ಆಚೆಗೋ ಈಚೆಗೋ ವಾಲುತ್ತದೆ. ಆದ್ದರಿಂದಲೇ ಒಂದೆರಡು ಚಿಹ್ನೆಗಳ ಮೆರವಣಿಗೆ. ಸೆಕೆಂಡಿಗೊಮ್ಮೆ ಗೊಂಚಲು ಬರುವುದು ಜಿಪಿಎಸ್‌ನ ನಡೆ, ಎಐಎಸ್‌ನದಲ್ಲ. ಅದು ಹಡಗು ಮಾತಾಡಿದಾಗ ಮಾತ್ರ ಮಾತಾಡುತ್ತದೆ.

ನಿಮ್ಮ ವೇಗಗಳು ಎರಡೂ ಸರಿಯಾಗಿಯೇ ಇವೆ. ಕೆಟ್ಟ ದಿನಗಳಲ್ಲಿ ಅದಲುಬದಲಾಗಿರುವುದು ಹೆಸರುಗಳು. ಟಿಟಿವೈಯುಎಸ್‌ಬಿ0 ಎಂದು ನೀವು ಕರೆದಾಗ ಓಗೊಡುತ್ತಿರುವುದು ಎಐಎಸ್. ಪರಿಹಾರ ಹೇಳಲು ಲಿನಕ್ಸ್ ಬಲ್ಲವರು ಬರಲಿ. ನಮ್ಮ ಹಡಗಿನಲ್ಲಿ ಸೀರಿಯಲ್ ತಂತಿಗಳು ತಿರುಪು ಬಿಗಿದ ಟರ್ಮಿನಲ್‌ಗೆ ಬರುತ್ತವೆ, ರಾತ್ರೋರಾತ್ರಿ ಹೆಸರು ಬದಲಿಸುವುದಿಲ್ಲ.

ಪೈಪುರಾಣ
ಜೂನ್ 13, ಮಧ್ಯಾಹ್ನ 1.15

ನನ್ನನ್ನು ಕರೆದಂತೆ ಕೇಳಿಸಿತು. ಪಾಳಿಬದಲು ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಲಿನಕ್ಸ್ ಯಾವ ಕೇಬಲ್ಲನ್ನು ಮೊದಲು ಗುರುತಿಸುತ್ತದೋ ಅದಕ್ಕೆ 0, ಮುಂದಿನದಕ್ಕೆ 1. ಯಂತ್ರ ಏಳುವಾಗ ಎರಡೂ ಒಟ್ಟಿಗೆ ಚುಚ್ಚಿದ್ದರೆ ಯಾರು ಮೊದಲು ಎಂಬುದಕ್ಕೆ ಖಾತರಿಯಿಲ್ಲ. ಮದುವೆ ಊಟದ ಪಂಕ್ತಿಯ ಹಾಗೆ, ಎಲೆಗೆ ಹೆಸರು ಬರೆದಿರುವುದಿಲ್ಲ.

ನಿಮ್ಮ ಎಸ್‌ಟಿಟಿವೈ ಆದೇಶವನ್ನು ಮೊದಲು ತೆಗೆದುಹಾಕಿ. ಓಪನ್‌ಸಿಪಿಎನ್ ಪೋರ್ಟ್ ತೆರೆಯುವಾಗ ತನ್ನದೇ ವೇಗ ಕೂರಿಸುತ್ತದೆ, ಮೇಲೆ ಸೊನ್ನೆಒಂದು ಅವರು ವಿಂಡೋಸ್ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ. ಎಸ್‌ಟಿಟಿವೈ ಬೇಕಾಗುವುದು ಕ್ಯಾಟ್‌ನಂತಹ ಬರಿಯ ಆದೇಶದಿಂದ ತಂತಿಯನ್ನು ಇಣುಕಿ ನೋಡುವಾಗ. ಆಗಲೂ ವೇಗದ ಜೊತೆ ರಾ (ಬಂದದ್ದನ್ನು ಹಾಗೆಯೇ ಕೊಡು) ಎಂದು ಬರೆದು ಎಕೋವನ್ನು ನಿಲ್ಲಿಸುವುದು ಒಳ್ಳೆಯದು. ಇಲ್ಲವಾದರೆ ಬಂದ ಮಾತನ್ನೆಲ್ಲ ಲಿನಕ್ಸ್ ತಿರುಗಿ ಸಾಧನಕ್ಕೇ ಒಪ್ಪಿಸುತ್ತದೆ.

ಇನ್ನು ಹೆಸರು. ಡೆವ್ ಕೋಶದ ಒಳಗೆ ಸೀರಿಯಲ್ ಎಂಬ ಕೋಶವಿದೆ, ಅದರೊಳಗೆ ಬೈ-ಐಡಿ ಎಂಬುದಿದೆ. ಅಲ್ಲಿ ಪ್ರತಿ ಕೇಬಲ್ಲಿಗೂ ಅದರ ತಯಾರಕ, ಮಾದರಿ, ಕ್ರಮಸಂಖ್ಯೆ ಸೇರಿದ ಉದ್ದನೆಯ ಹೆಸರಿರುತ್ತದೆ. ಎಷ್ಟು ಸಲ ಕಿತ್ತು ಚುಚ್ಚಿದರೂ ಬದಲಾಗದು. ಓಪನ್‌ಸಿಪಿಎನ್‌ನ ಸಂಪರ್ಕ ಪಟ್ಟಿಯಲ್ಲಿ ಟಿಟಿವೈಯುಎಸ್‌ಬಿ0 ಬದಲು ಆ ಹೆಸರನ್ನು ಕೈಯಿಂದಲೇ ಬರೆಯಿರಿ.

ಅಳಿಯಕಟ್ಟು
ಜೂನ್ 13, ಸಂಜೆ 5.40

ಬೈ-ಐಡಿಯಲ್ಲಿ ಒಂದೇ ಹೆಸರು ಕಾಣುತ್ತಿದೆ ಮಾರಾಯರೇ! ಕೇಬಲ್ ಎರಡು, ಹೆಸರು ಒಂದು.

ಪೈಪುರಾಣ
ಜೂನ್ 13, ಸಂಜೆ 5.52

ಅಗ್ಗದ ಕೇಬಲ್‌ಗಳಿಗೆ ಕಾರ್ಖಾನೆಯಲ್ಲಿ ಕ್ರಮಸಂಖ್ಯೆಯನ್ನೇ ಬರೆದಿರುವುದಿಲ್ಲ. ಅವಳಿಜವಳಿ, ಇಬ್ಬರಿಗೂ ಒಂದೇ ಹೆಸರು. ಕೊನೆಗೆ ಬಂದವನು ಮೊದಲಿನವನ ಹೆಸರನ್ನು ಕಿತ್ತುಕೊಳ್ಳುತ್ತಾನೆ. ಪಕ್ಕದಲ್ಲಿಯೇ ಬೈ-ಪಾತ್ ಎಂಬ ಕೋಶವಿದೆ ನೋಡಿ. ಅದು ಕೇಬಲ್ ಯಾವುದು ಎಂದು ಕೇಳುವುದಿಲ್ಲ, ಲ್ಯಾಪ್‌ಟಾಪಿನ ಯಾವ ತೂತಿಗೆ ಚುಚ್ಚಿದ್ದೀರಿ ಎಂಬುದರ ಮೇಲೆ ಹೆಸರಿಡುತ್ತದೆ. ಎಡಗಡೆಯದು ಜಿಪಿಎಸ್, ಬಲಗಡೆಯದು ಎಐಎಸ್ ಎಂದು ಗಟ್ಟಿ ಮಾಡಿಕೊಳ್ಳಿ. ಅಕ್ಕನ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟರೆ ಸಾಕು.

ಸೊನ್ನೆಒಂದು
ಜೂನ್ 13, ಸಂಜೆ 6.20

ವಿಂಡೋಸ್‌ನಲ್ಲಿ ಇಷ್ಟು ವರ್ಷ ಈ ತೊಂದರೆ ಕಾಣದಿದ್ದುದಕ್ಕೆ ಕಾರಣವೂ ಇದೇ. ಕ್ರಮಸಂಖ್ಯೆ ಇಲ್ಲದ ಕೇಬಲ್ಲಿಗೆ ವಿಂಡೋಸ್ ತೂತಿನ ಲೆಕ್ಕದಲ್ಲಿ ಕಾಮ್ ಸಂಖ್ಯೆ ಕೊಟ್ಟು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಮಾವ ಯಾವತ್ತೂ ತೂತು ಬದಲಿಸಿಲ್ಲ, ಅಷ್ಟೇ.

ಕಿಟಕಿಪ್ರಿಯ
ಜೂನ್ 13, ಸಂಜೆ 6.22

ಕೊನೆಗೂ ವಿಂಡೋಸ್ ಬಗ್ಗೆ ಒಂದು ಒಳ್ಳೆಯ ಮಾತು.

ಕಾಪುದೀಪ
ಜೂನ್ 13, ರಾತ್ರಿ 8.35

ಹಿಗ್ಗಬೇಡಿ. ವಿಂಡೋಸ್ ಕಥೆ ನನ್ನ ಬಳಿಯೂ ಇದೆ. ನಮ್ಮ ಚಿಕ್ಕಪ್ಪನ ಬೋಟಿನಲ್ಲಿ ಜಿಪಿಎಸ್ ಚಾಲೂ ಇಟ್ಟು ಲ್ಯಾಪ್‌ಟಾಪ್ ಎಬ್ಬಿಸಿದೆವು. ಮೌಸಿನ ಬಾಣ ತಾನಾಗಿಯೇ ಕುಣಿಯಲು ಶುರು. ಕೋಲ ಕಟ್ಟಿದವರಿಗೆ ಆವೇಶ ಬಂದಂತೆ ಮೂಲೆಯಿಂದ ಮೂಲೆಗೆ ಹಾರುತ್ತದೆ, ಸಿಕ್ಕಸಿಕ್ಕದ್ದನ್ನು ಒತ್ತುತ್ತದೆ, ಕಡತ ತೆರೆಯುತ್ತದೆ, ಎಳೆದುಕೊಂಡು ಹೋಗುತ್ತದೆ. ಚಿಕ್ಕಪ್ಪ ನಿಜಕ್ಕೂ ಕೈಮುಗಿದರು. ವೈರಸ್ ಎಂದು ಅಂಗಡಿಗೆ ಒಯ್ದೆ. ಅಲ್ಲಿ ಏನೂ ಆಗಲಿಲ್ಲ, ಏಕೆಂದರೆ ಅಲ್ಲಿ ಜಿಪಿಎಸ್ ಇರಲಿಲ್ಲ! ಐನೂರು ರೂಪಾಯಿ ಕೊಟ್ಟು ಬಂದೆ.

ಆಮೇಲೆ ತಿಳಿಯಿತು. ಯಂತ್ರ ಏಳುವಾಗ ಸೀರಿಯಲ್ ಪೋರ್ಟಿನಲ್ಲಿ ಮಾತು ಕೇಳಿಬಂದರೆ ವಿಂಡೋಸ್ ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ಭಾವಿಸುವುದುಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ಸೀರಿಯಲ್ ಬಾಲ್‌ಪಾಯಿಂಟ್ ಎಂಬ ಹೆಸರಿನಲ್ಲಿ ಕುಳಿತಿರುತ್ತದೆ. ಅದನ್ನು ಅಳಿಸಬಾರದು, ಅಳಿಸಿದರೆ ಮತ್ತೆ ಹುಟ್ಟುತ್ತದೆ, ನಿಷ್ಕ್ರಿಯಗೊಳಿಸಬೇಕು. ಕುಣಿಯುವ ಬಾಣದಿಂದ ಅದನ್ನು ಮಾಡುವುದಕ್ಕಿಂತ ಮೊದಲು ಜಿಪಿಎಸ್ ತಂತಿಯನ್ನು ಕಿತ್ತಿಡಿ.

ಬಂಗುಡೆಪುಳಿಮುಂಚಿ
ಜೂನ್ 13, ರಾತ್ರಿ 8.41

ಚಿಕ್ಕಪ್ಪ ಕೈಮುಗಿದದ್ದರಲ್ಲಿ ತಪ್ಪೇನೂ ಇಲ್ಲ. ಬಾಣ ಏನಾದರೂ ನುಡಿ ಕೊಟ್ಟಿತೇ?

ಹಾಯಿಮನೆ
ಜೂನ್ 14, ರಾತ್ರಿ 2.10

ಇಂಗ್ಲೆಂಡಿನ ದಕ್ಷಿಣ ತೀರದಿಂದ ಬರೆಯುತ್ತಿದ್ದೇನೆ, ಗೆಳೆಯರ ಜೊತೆ ಹಂಚಿಕೊಂಡ ಒಂದು ಸಣ್ಣ ಹಾಯಿದೋಣಿ ಇದೆ. ಮ್ಯಾಕ್ ಬಳಸುವವರು ಯಾರಾದರೂ ಈ ಚರ್ಚೆಗೆ ಬಂದರೆ ಅವರಿಗಾಗಿ ಎರಡು ಮಾತು, ಏಕೆಂದರೆ ನಾನು ಇದರಲ್ಲಿ ಒಂದು ವಾರಾಂತ್ಯ ಕಳೆದಿದ್ದೇನೆ.

ಮ್ಯಾಕ್‌ನಲ್ಲಿ ಒಂದೇ ಕೇಬಲ್ಲಿಗೆ ಎರಡು ಹೆಸರು: ಟಿಟಿವೈ ಎಂದು ಶುರುವಾಗುವುದು ಒಂದು, ಸಿಯು ಎಂದು ಶುರುವಾಗುವುದು ಇನ್ನೊಂದು. ಟಿಟಿವೈಯನ್ನು ತೆರೆದರೆ ಅದು ಆಚೆಯಿಂದ ಸಂಪರ್ಕ ಸಿದ್ಧ ಎನ್ನುವ ಕ್ಯಾರಿಯರ್ ಸಂಕೇತ ಬರಲಿ ಎಂದು ಕಾಯುತ್ತದೆ. ಜಿಪಿಎಸ್ ಅಂಥ ಸಂಕೇತವನ್ನು ಕೊಡುವುದಿಲ್ಲ, ನೀವು ಪರದೆ ನೋಡುತ್ತ ಕೂರುತ್ತೀರಿ. ಸಿಯು ಬಳಸಿ.

ಎರಡನೆಯದು ಇನ್ನೂ ಕಾಡುವಂಥದ್ದು. ಎಸ್‌ಟಿಟಿವೈ ಆದೇಶಕ್ಕೆ ಲಿನಕ್ಸ್‌ನಲ್ಲಿ ದೊಡ್ಡ ಎಫ್, ಮ್ಯಾಕ್‌ನಲ್ಲಿ ಸಣ್ಣ ಎಫ್, ಅದು ಹೋಗಲಿ. ಆದೇಶ ಕೊಟ್ಟು 4800 ಮಾಡುತ್ತೀರಿ. ದೋಷವೇನೂ ಬರುವುದಿಲ್ಲ. ಸರಿಯಾಯಿತೇ ಎಂದು ಕೇಳಿದರೆ 9600 ಎನ್ನುತ್ತದೆ. ಮತ್ತೆ ಮಾಡುತ್ತೀರಿ, ಮತ್ತೆ 9600. ಪೋರ್ಟನ್ನು ಹಿಡಿದುಕೊಂಡ ಕೊನೆಯ ಪ್ರೋಗ್ರಾಂ ಕೈಬಿಟ್ಟ ಕೂಡಲೇ ಮ್ಯಾಕ್ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ, ಮತ್ತು ಎಸ್‌ಟಿಟಿವೈ ತನ್ನ ಕೆಲಸ ಮುಗಿಸಿ ಕೈಬಿಡುವುದು ಕ್ಷಣಾರ್ಧದಲ್ಲಿ. ಆದ್ದರಿಂದ ಮೊದಲು ಶೆಲ್‌ನಿಂದಲೇ (ಆದೇಶ ಬರೆಯುವ ಕಿಟಕಿಯಿಂದಲೇ) ಪೋರ್ಟನ್ನು ತೆರೆದು ಹಿಡಿದಿಟ್ಟುಕೊಂಡು, ಆಮೇಲೆ ವೇಗ ಬದಲಿಸಬೇಕು. ಅಥವಾ ಸ್ಕ್ರೀನ್ ಎಂಬ ಆದೇಶಕ್ಕೆ ಪೋರ್ಟಿನ ಹೆಸರು, ಮುಂದೆ 4800 ಎಂದು ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ರಾಕ್ಷಸಮರಿ
ಜೂನ್ 14, ಬೆಳಿಗ್ಗೆ 7.30

ಲಿನಕ್ಸ್‌ನಂತಹದೇ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಇದಕ್ಕೆಲ್ಲ ಅಂದವಾದ ಉತ್ತರವಿದೆ, ಯಾರೂ ಕೇಳುವುದಿಲ್ಲ. ಪೋರ್ಟಿನ ಹೆಸರು ಕುಆಯು0 ಆದರೆ, ಅದರ ಪಕ್ಕದಲ್ಲಿ ಇನಿಟ್ ಎಂಬ ಬಾಲವಿರುವ ಇನ್ನೊಂದು, ಲಾಕ್ ಎಂಬ ಬಾಲವಿರುವ ಮತ್ತೊಂದು ಸಾಧನ ಇರುತ್ತವೆ. ಇನಿಟ್‌ಗೆ 4800 ಹೇಳಿದರೆ, ಪೋರ್ಟ್ ಪ್ರತಿ ಸಲ ತೆರೆದಾಗಲೂ ಅಲ್ಲಿಂದಲೇ ಶುರು. ಲಾಕ್ ಬಳಸಿದರೆ ಬೇರೆ ಯಾವ ಪ್ರೋಗ್ರಾಮೂ ಅದನ್ನು ಬದಲಿಸಲಾಗದು. ಅಳಿಯಕಟ್ಟು ಅವರು ಮೊದಲ ದಿನ ಕೇಳಿದ ‘ಕಾಯಂ ಆಗಿ ಕೂರಿಸುವುದು ಎಲ್ಲಿ’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ವ್ಯವಸ್ಥೆ ಇದೊಂದೇ. ಓಪನ್‌ಬಿಎಸ್‌ಡಿ ಇನ್ನೂ ಒಂದು ಹೆಜ್ಜೆ ಮುಂದೆ: ಎಲ್‌ಡಿಅಟ್ಯಾಚ್ ಎಂಬ ಆದೇಶದಿಂದ ಎನ್‌ಎಂಇಎಯನ್ನು ಕರ್ನೆಲ್ಲೇ (ವ್ಯವಸ್ಥೆಯ ತಿರುಳೇ) ಓದಿ, ಯಂತ್ರದ ಗಡಿಯಾರಕ್ಕೆ ಜಿಪಿಎಸ್ ಸಮಯ ಉಣಿಸುತ್ತದೆ.

ಸೊನ್ನೆಒಂದು
ಜೂನ್ 14, ಬೆಳಿಗ್ಗೆ 7.44

ಇಡೀ ಮಲ್ಪೆ ಬಂದರಿನಲ್ಲಿ ಫ್ರೀಬಿಎಸ್‌ಡಿ ಇರುವ ಬೋಟು ಎಷ್ಟಿರಬಹುದು?

ರಾಕ್ಷಸಮರಿ
ಜೂನ್ 14, ಬೆಳಿಗ್ಗೆ 7.45

ಅದು ಬಂದರಿನ ನಷ್ಟ.

ಕಂಡದ್ದೇಗುರುತು
ಜೂನ್ 14, ಬೆಳಿಗ್ಗೆ 10.20

ನಮ್ಮ ಅಜ್ಜ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಕಾಪುವಿನ ದೀಪಸ್ತಂಭವನ್ನೂ ಅದರ ಹಿಂದಿನ ಗುಡ್ಡವನ್ನೂ ಒಂದೇ ಗೆರೆಗೆ ತಂದು ಬಲೆ ಬೀಸುವ ಜಾಗ ಹೇಳುತ್ತಿದ್ದರು. ಆ ದೀಪಸ್ತಂಭ 1901ರದು, ಇವತ್ತಿಗೂ ಅದರ ವೇಗ ನಿಗದಿ ಮಾಡುವ ಕೆಲಸ ಬಂದಿಲ್ಲ. ಈಗಿನವರಿಗೆ ಲ್ಯಾಪ್‌ಟಾಪ್ ಇಲ್ಲದೆ ದಡ ಬಿಡಲು ಧೈರ್ಯವಿಲ್ಲ.

ಪಾಳಿಬದಲು
ಜೂನ್ 14, ಬೆಳಿಗ್ಗೆ 10.48

ಅಜ್ಜನ ಬಗ್ಗೆ ಗೌರವವಿದೆ. ಆದರೆ ಅವರು ಹೋಗುತ್ತಿದ್ದುದು ದೀಪಸ್ತಂಭ ಕಾಣುವಷ್ಟು ದೂರ. ಈಗಿನ ಆಳಸಮುದ್ರದ ಬೋಟುಗಳು ವಾರಕ್ಕೂ ಹೆಚ್ಚು ಕಾಲ ಹೊರಗಿರುತ್ತವೆ, ಅಲ್ಲಿ ಗುಡ್ಡವೂ ಇಲ್ಲ, ತೆಂಗಿನ ತೋಟವೂ ಇಲ್ಲ. ನಾನು ರಾತ್ರಿ ಬ್ರಿಡ್ಜ್ ಮೇಲೆ ನಿಂತು ನಮ್ಮ ಹಡಗಿನ ಕಡೆಯಿಂದ ನೋಡಿದ್ದೇನೆ. ಮರದ ಬೋಟು ರಾಡಾರ್‌ನಲ್ಲಿ ಅಲೆಗಳ ನಡುವೆ ಬಂದು ಹೋಗುವ ಮಸುಕು ಚುಕ್ಕೆ. ಬೋಟಿನಲ್ಲಿ ಎಐಎಸ್ ರಿಸೀವರ್ ಇದ್ದರೆ ಕನಿಷ್ಠ ಅವರಿಗಾದರೂ ನಾವು ಬರುತ್ತಿರುವುದು ಗೊತ್ತಾಗುತ್ತದೆ. ಈ ಹುಡುಗ ಮಾಡುತ್ತಿರುವುದು ಆಟವಲ್ಲ.

ಕಂಡದ್ದೇಗುರುತು
ಜೂನ್ 14, ಬೆಳಿಗ್ಗೆ 11.02

ಒಪ್ಪಿದೆ. ರಾತ್ರಿಯ ಹಡಗಿನ ವಿಷಯ ನಾನು ಯೋಚಿಸಿರಲಿಲ್ಲ. ಲ್ಯಾಪ್‌ಟಾಪಿನ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಹಾಗೆಯೇ ಇದೆ.

ಗಂಗೊಳ್ಳಿಗಾಳಿ
ಜೂನ್ 14, ಸಂಜೆ 4.15

ಮಧ್ಯೆ ಬಂದೆ, ಕ್ಷಮಿಸಿ. ನನ್ನದೂ ಕಸವೇ, ಆದರೆ ಒಂದೇ ಕೇಬಲ್, ಹೆಸರು ಬದಲಾಗುವ ಪ್ರಶ್ನೆಯಿಲ್ಲ. 422ರ ಕೇಬಲ್ (ಎ, ಬಿ ಎಂಬ ಜೋಡಿ ತಂತಿಗಳಲ್ಲಿ ಸಂಕೇತ ಒಯ್ಯುವ ಬಗೆ), ವೇಗ 4800. ಸೆಕೆಂಡಿಗೊಮ್ಮೆ ಸರಿಯಾಗಿ ಗೊಂಚಲು ಬರುತ್ತದೆ, ಪ್ರತಿ ಗೊಂಚಲೂ ಹೆಚ್ಚುಕಡಿಮೆ ಒಂದೇ ಉದ್ದ, ಬಗೆಬಗೆಯ ಚಿಹ್ನೆಗಳು, ಓದಲು ಬಾರದು. 9600, 19200, 38400 ಎಲ್ಲ ನೋಡಿಯಾಯಿತು.

ಪಾಳಿಬದಲು
ಜೂನ್ 14, ಸಂಜೆ 4.30

ಎ ತಂತಿಯನ್ನೂ ಬಿ ತಂತಿಯನ್ನೂ ಅದಲುಬದಲು ಮಾಡಿ. ಲಯ ಸರಿಯಿದ್ದು ಅಕ್ಷರ ಮಾತ್ರ ಕೆಟ್ಟಿದ್ದರೆ ವೇಗದ ತಪ್ಪಲ್ಲ, ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಬರುತ್ತಿದೆ. ಎ ಎಂದರೆ ಪ್ಲಸ್ಸೋ ಮೈನಸ್ಸೋ ಎಂಬುದರಲ್ಲಿ ತಯಾರಕರೆಲ್ಲ ಒಂದೇ ಮಾತಿನಲ್ಲಿ ನಿಲ್ಲುವುದಿಲ್ಲ.

ಗಂಗೊಳ್ಳಿಗಾಳಿ
ಜೂನ್ 14, ಸಂಜೆ 5.05

ಬಂತು! ಎರಡು ತಿಂಗಳ ತಲೆನೋವು, ಒಂದು ಸ್ಕ್ರೂಡ್ರೈವರ್.

ಅಳಿಯಕಟ್ಟು
ಜೂನ್ 16, ರಾತ್ರಿ 9.15

ಹೊಸ ಸಂಕಟ, ತಪ್ಪು ನನ್ನದೇ. ಪೈಪುರಾಣ ಅವರು ಹೇಳಿದ ಬೈ-ಪಾತ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಬೋಟಿನಲ್ಲಿ ಯಾರೋ ಒಬ್ಬರು ಮೊಬೈಲ್ ಚಾರ್ಜ್ ಮಾಡಲು ಕೇಬಲ್ ಕಿತ್ತು ಇನ್ನೊಂದು ತೂತಿಗೆ ಹಾಕುವುದು ಖಂಡಿತ ಎಂದುಕೊಂಡು, ಬೇರೆ ಜಾತಿಯ ಕೇಬಲ್ ಒಂದನ್ನು ಉಡುಪಿಯಿಂದ ತಂದೆ. ಹೆಸರು ಬೇರೆಯಾಗುತ್ತದೆ, ಬೈ-ಐಡಿ ಬಳಸಬಹುದು ಎಂಬ ಲೆಕ್ಕ. ಚುಚ್ಚಿದರೆ ಟಿಟಿವೈಯುಎಸ್‌ಬಿ1 ಒಂದು ಕ್ಷಣ ಕಾಣಿಸಿ ಮಾಯ. ಅಂಗಡಿಯವರು ವಿಂಡೋಸ್‌ನಲ್ಲಿ ತೋರಿಸಿಯೇ ಕೊಟ್ಟಿದ್ದಾರೆ, ಕೇಬಲ್ ಸತ್ತಿಲ್ಲ.

ಪೈಪುರಾಣ
ಜೂನ್ 16, ರಾತ್ರಿ 9.24

ಉಬುಂಟು 22.04 ಇರಬೇಕು. ಕೇಬಲ್ಲಿನ ಚಿಪ್ ಸಿಎಚ್340 ಇರಬೇಕು.

ಅಳಿಯಕಟ್ಟು
ಜೂನ್ 16, ರಾತ್ರಿ 9.31

ಎರಡೂ ಹೌದು! ಕವಡೆ ಹಾಕಿ ನೋಡಿದಿರಾ?

ಪೈಪುರಾಣ
ಜೂನ್ 16, ರಾತ್ರಿ 9.50

ಇದು ಬಹಳ ಜನರಿಗೆ ಆಗಿರುವುದೇ. ಬಿಆರ್‌ಎಲ್‌ಟಿಟಿವೈ ಎಂಬ ಸೇವೆಯೊಂದಿದೆ, ಅಂಧರು ಬಳಸುವ ಬ್ರೈಲ್ ಪರದೆಗಳಿಗಾಗಿ ಇರುವುದು. ಕೆಲವು ಬ್ರೈಲ್ ಪರದೆಗಳ ಒಳಗೂ ಇದೇ ಚಿಪ್ಪಿನ ಗುರುತು ಇರುವುದರಿಂದ, ನಿಮ್ಮ ಎಐಎಸ್ ಕೇಬಲ್ಲನ್ನು ಬ್ರೈಲ್ ಪರದೆ ಎಂದು ತಿಳಿದು ಕಿತ್ತುಕೊಳ್ಳುತ್ತದೆ. ಆ ಲ್ಯಾಪ್‌ಟಾಪಿನಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲವಾದರೆ ಆ ಪ್ಯಾಕೇಜನ್ನು ತೆಗೆದುಹಾಕಿ. ಇದ್ದರೆ ತೆಗೆಯಬೇಡಿ, ಚುಚ್ಚಿದ ಸಾಧನವನ್ನು ಗುರುತಿಸುವ ಯುಡೆವ್‌ನಲ್ಲಿ ಆ ಚಿಪ್ಪಿನ ನಿಯಮವನ್ನಷ್ಟೇ ಮುಚ್ಚಿ.

ಹಾಗೆಯೇ ನಿಮ್ಮ ಹೆಸರು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿದೆಯೇ ನೋಡಿಕೊಳ್ಳಿ. ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರದಿದ್ದರೆ ಅದು ನಡೆಯದು. ಜಿಪಿಎಸ್ ಓದುವ ಜಿಪಿಎಸ್‌ಡಿ ಎಂಬ ಸೇವೆ ಸ್ಥಾಪಿಸಿದ್ದರೆ ಅದು ಓಪನ್‌ಸಿಪಿಎನ್‌ಗಿಂತ ಮೊದಲೇ ಪೋರ್ಟ್ ಹಿಡಿದು, ತನಗೆ ತಾನೇ ವೇಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕೂರುತ್ತದೆ. ಒಂದು ಪೋರ್ಟಿಗೆ ಒಬ್ಬನೇ ಯಜಮಾನ ಇರಲಿ.

ಕಡಲೂಡುಹುಡುಗ
ಜೂನ್ 16, ರಾತ್ರಿ 10.18

ಇಷ್ಟೆಲ್ಲ ಕೇಬಲ್ ಏಕೆ? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತೆಗೆದುಕೊಂಡು ಜಿಪಿಎಸ್ ತಂತಿಯನ್ನು ನೇರವಾಗಿ ಅದರ ಪಿನ್ನಿಗೆ ಹಾಕಿದರೆ ಮುಗಿಯಿತಲ್ಲ?

ಪೈಪುರಾಣ
ಜೂನ್ 16, ರಾತ್ರಿ 10.33

ಮುಗಿಯುವುದು ಪೈ. ಅದರ ಪಿನ್ 3.3 ವೋಲ್ಟಿನದು, 232 ಎಂಬ ಹಳೆಯ ಸೀರಿಯಲ್ ಮಾನಕದ ತಂತಿಯಲ್ಲಿ ಬರುವುದು ಅದರ ಹಲವು ಪಟ್ಟು, ಅದೂ ಋಣ ಧನ ಎರಡೂ ಕಡೆಗೆ. ನಡುವೆ ಮಟ್ಟ ಬದಲಿಸುವ ಚಿಪ್ ಬೇಕು, ಬೋಟಿನಲ್ಲಾದರೆ ಆಪ್ಟೋ ಐಸೊಲೇಟರ್ (ಸಂಕೇತವನ್ನು ಬೆಳಕಿನಿಂದ ದಾಟಿಸಿ ಎರಡೂ ಕಡೆಯ ವಿದ್ಯುತ್ತನ್ನು ಬೇರೆಯಿಡುವ ಬಿಡಿಭಾಗ) ಇದ್ದರೆ ಇನ್ನೂ ವಾಸಿ.

ಅಷ್ಟಾದ ಮೇಲೂ ಪೈನಲ್ಲಿ ವೇಗದ ಬಲೆ ಬೇರೆಯೇ ಇದೆ. ಪೈ 3ರಲ್ಲಿ ಒಳ್ಳೆಯ ಸೀರಿಯಲ್ ಘಟಕವನ್ನು ಬ್ಲೂಟೂತಿಗೆ ಕೊಟ್ಟು, ಪಿನ್ನುಗಳಿಗೆ ಮಿನಿ ಯುಆರ್ಟ್ ಎಂಬ ಬಡವನನ್ನು ಕಟ್ಟಿದ್ದಾರೆ. ಆ ಬಡವನ ಗಡಿಯಾರ ಚಿಪ್ಪಿನ ಕೋರ್ ವೇಗಕ್ಕೆ ಅಂಟಿಕೊಂಡಿದೆ. ಕೋರ್ ವೇಗ ಏರಿಳಿದರೆ ನೀವು ಕೂರಿಸಿದ 4800 ಕೂಡ ಏರಿಳಿಯುತ್ತದೆ. ನಾನು ಮನೆಯ ತಾರಸಿಯಲ್ಲಿ ಇಟ್ಟ ಪೈ, ನಕ್ಷೆ ತೆರೆದಾಗ ಕಸ, ಮುಚ್ಚಿದಾಗ ಸರಿ ಎಂದು ಒಂದು ತಿಂಗಳು ನನ್ನನ್ನು ಆಟವಾಡಿಸಿದೆ. ಸಂರಚನಾ ಕಡತದಲ್ಲಿ ಎನೇಬಲ್ ಯುಆರ್ಟ್ 1 ಎಂದು ಬರೆದರೆ ಕೋರ್ ವೇಗ ಸ್ಥಿರವಾಗುತ್ತದೆ. ಬ್ಲೂಟೂತ್ ಬೇಡವಾದರೆ ಡಿಸೇಬಲ್-ಬಿಟಿ ಎಂಬ ಓವರ್‌ಲೇ ಹಾಕಿ ಒಳ್ಳೆಯ ಘಟಕವನ್ನೇ ಪಿನ್ನಿಗೆ ತರಬಹುದು. ನಾನು ಎರಡನೆಯದನ್ನು ಮಾಡಿ ನೆಮ್ಮದಿಯಾಗಿದ್ದೇನೆ.

ಪಾಳಿಬದಲು
ಜೂನ್ 17, ಬೆಳಿಗ್ಗೆ 8.05

ಅಳಿಯಕಟ್ಟು ಅವರಿಗೆ ಇನ್ನೊಂದು ದಾರಿ. ನಿಮ್ಮ ಎಐಎಸ್ ರಿಸೀವರಿನ ಹಿಂಬದಿಯಲ್ಲಿ ಎನ್‌ಎಂಇಎ ಇನ್ ಎಂಬ ಎರಡು ತಂತಿಗಳಿವೆಯೇ ನೋಡಿ. ಹಲವು ರಿಸೀವರ್‌ಗಳು ಜಿಪಿಎಸ್‌ನ 4800ನ್ನು ಒಳಗೆ ತೆಗೆದುಕೊಂಡು, ತಮ್ಮ ಮಾತಿನ ಜೊತೆ ಹೆಣೆದು, 38400ರಲ್ಲಿ ಒಟ್ಟಿಗೆ ಹೊರಗೆ ಕೊಡುತ್ತವೆ. ಇದ್ದರೆ ಒಂದೇ ಕೇಬಲ್, ಒಂದೇ ವೇಗ. ತಿರುವುಮುರುವಾಗಿ, ಎಐಎಸ್‌ಅನ್ನು 4800ಕ್ಕೆ ಇಳಿಸಿ ಬೆರೆಸುವ ಯೋಚನೆ ಮಾಡಬೇಡಿ. ಹಡಗು ಹೆಚ್ಚಿರುವ ಕಡೆಯಲ್ಲೇ ವಾಕ್ಯಗಳು ಸೋರಿಹೋಗುತ್ತವೆ, ಅಂದರೆ ಬೇಕಾದಾಗಲೇ.

ಅಳಿಯಕಟ್ಟು
ಜೂನ್ 19, ಸಂಜೆ 6.30

ಹಿಂಬದಿಯಲ್ಲಿ ಆ ಎರಡು ತಂತಿಗಳು ಇದ್ದವು! ಇಷ್ಟು ವರ್ಷ ಟೇಪು ಸುತ್ತಿಕೊಂಡು ಸುಮ್ಮನೆ ಕುಳಿತಿದ್ದವು. ಜಿಪಿಎಸ್‌ಅನ್ನು ಅಲ್ಲಿಗೆ ಜೋಡಿಸಿದೆ. ಮೊದಲು ಏನೂ ಬರಲಿಲ್ಲ, ಗಂಗೊಳ್ಳಿಯವರ ನೆನಪಾಗಿ ಎ ಬಿ ಬದಲಿಸಿದೆ, ಬಂತು. ಈಗ ಒಂದೇ ಕೇಬಲ್, 38400, ಜಿಪಿಎಸ್‌ನ ಡಾಲರ್ ಚಿಹ್ನೆಯ ಸಾಲುಗಳೂ ಎಐಎಸ್‌ನ ಉದ್ಗಾರ ಚಿಹ್ನೆಯ ಸಾಲುಗಳೂ ಒಟ್ಟೊಟ್ಟಿಗೆ ಇಳಿಯುತ್ತಿವೆ. ಮೂರು ದಿನ, ಹನ್ನೊಂದು ಸಲ ಲ್ಯಾಪ್‌ಟಾಪ್ ಆರಿಸಿ ಎಬ್ಬಿಸಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ.

ಬೈ-ಪಾತ್ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಉಗುರುಬಣ್ಣ ಸಿಗಲಿಲ್ಲ, ಬೋಟಿಗೆ ಬಳಿಯುತ್ತಿದ್ದ ಕೆಂಪು ಬಣ್ಣದಲ್ಲೇ ತೂತಿನ ಪಕ್ಕ ಒಂದು ಬೊಟ್ಟು ಇಟ್ಟೆ. ಮಾವ ಅದನ್ನು ನೋಡಿ ಕುಂಕುಮ ಎಂದುಕೊಂಡು ಏನೂ ಕೇಳಲಿಲ್ಲ. ಉಳಿದ ಕೇಬಲ್ ಎರಡು ನನ್ನ ಬಳಿ ಇವೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಪೈಪುರಾಣ
ಜೂನ್ 19, ಸಂಜೆ 6.41

ಸಿಎಚ್340 ನನಗಿರಲಿ.

ಕಿಟಕಿಪ್ರಿಯ
ಜೂನ್ 20, ಬೆಳಿಗ್ಗೆ 9.12

ನನ್ನದೊಂದು ಸಣ್ಣ ಪ್ರಶ್ನೆ. ಈ ಚರ್ಚೆ ಓದಿ ಕುತೂಹಲಕ್ಕೆ ಕೇಬಲ್ಲನ್ನು ಬೇರೆ ಬೇರೆ ತೂತಿಗೆ ಚುಚ್ಚಿ ನೋಡಿದೆ. ಈಗ ಅದು ಕಾಮ್ 14 ಆಗಿದೆ, ನನ್ನ ಹಳೆಯ ನಕ್ಷೆಯ ತಂತ್ರಾಂಶದಲ್ಲಿ ಕಾಮ್ 9ರಿಂದ ಮುಂದೆ ಪಟ್ಟಿಯೇ ಇಲ್ಲ. ಏನು ಮಾಡಲಿ?

ಸೊನ್ನೆಒಂದು
ಜೂನ್ 20, ಬೆಳಿಗ್ಗೆ 9.14

ಡಿವೈಸ್ ಮ್ಯಾನೇಜರ್ ತೆರೆಯಿರಿ, ಪೋರ್ಟ್‌ಗಳ ಪಟ್ಟಿಯಲ್ಲಿ ನಿಮ್ಮದನ್ನು ಆರಿಸಿ, ಅಡ್ವಾನ್ಸ್ಡ್ ಒತ್ತಿ, 14 ಇರುವಲ್ಲಿ 3 ಮಾಡಿ, ಸರಿ ಒತ್ತಿ. ಎರಡು ನಿಮಿಷದ ಕೆಲಸ.